1,23,45,67,890 ಅನ್ನು ಬರೀ ಪೆನ್ನು ಹಿಡಿದು ಬಿಡಿಸುವುದು ಹೇಗೆ?

ದೊಡ್ಡ ಸಂಖ್ಯೆ ಕೊಟ್ಟರೆ ನನ್ನ ಟ್ಯೂಷನ್ ಮಕ್ಕಳ ಕೈ ಮೊದಲು ಹೋಗುವುದು ಮೊಬೈಲ್ ಕಡೆಗೆ. ಹಾಗಾಗಿ ಕೀಬೋರ್ಡಿನ ಮೇಲಿನ ಸಾಲನ್ನೇ ಬೋರ್ಡಿನ ಮೇಲೆ ಬರೆದುಬಿಡುತ್ತೇನೆ: 1234567890. ನೂರ ಇಪ್ಪತ್ಮೂರು ಕೋಟಿ ಚಿಲ್ಲರೆ. ಇದರ ಅವಿಭಾಜ್ಯ ಅಪವರ್ತನಗಳನ್ನು ಹುಡುಕಬೇಕು.

ಸುಲಭದ್ದು ಮೊದಲು ಮುಗಿಸಿ. ಕೊನೆಯಲ್ಲಿ ಸೊನ್ನೆ ಇದೆ, ಅಂದರೆ 2 ಮತ್ತು 5 ಸಿಕ್ಕವು. ಉಳಿದ 12,34,56,789ರ ಅಂಕಿಗಳನ್ನು ಕೂಡಿದರೆ 45. ಹಾಗಾಗಿ 9ರಿಂದಲೂ ಭಾಗವಾಗುತ್ತದೆ. (ಈ ಒಂಬತ್ತು ಅಂಕಿಗಳನ್ನು ಹೇಗೆ ಬೇಕಾದರೂ ಕಲಸಿ ಬರೆಯಿರಿ, 9 ಬಿಡುವುದಿಲ್ಲ.) ಭಾಗಿಸಿದರೆ 1,37,17,421.

ಎಲ್ಲರೂ ಸುಸ್ತಾಗುವುದು ಇಲ್ಲೇ. 7 ಹೋಗಲ್ಲ, 11 ಹೋಗಲ್ಲ, 13 ಹೋಗಲ್ಲ. ಹೀಗೇ ಒಂದೊಂದೇ ಅವಿಭಾಜ್ಯ ಸಂಖ್ಯೆ ಹಿಡಿದು ಹೊರಟರೆ ಸುಮಾರು ಐನೂರು ಭಾಗಾಕಾರ ಮಾಡಬೇಕು. ಯಾರಿಗೆ ಬೇಕು?

ಫ್ರಾನ್ಸಿನ ಗಣಿತಜ್ಞ ಫರ್ಮಾ 1643ರಲ್ಲಿ ಒಂದು ಪತ್ರದಲ್ಲಿ ಬರೆದ ಉಪಾಯ ನನಗೆ ತುಂಬಾ ಇಷ್ಟ. ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಬಂದರೆ ಸಾಕು, ಅಪವರ್ತನ ತಾನಾಗೇ ಬೀಳುತ್ತದೆ. ಎಂಟನೇ ಕ್ಲಾಸಿನ a² − b² = (a − b)(a + b) ಇದೆಯಲ್ಲ, ಅದೇ.

ನಮಗೆ ಉಳಿದ 1,37,17,421ರ ವರ್ಗಮೂಲ 3703 ಚಿಲ್ಲರೆ. ಹಾಗಾಗಿ 3704ರಿಂದ ಶುರು ಮಾಡಿ. 3704ರ ವರ್ಗ 1,37,19,616. ಅದರಲ್ಲಿ 1,37,17,421 ಕಳೆದರೆ 2195. ಇದು ಪೂರ್ಣವರ್ಗವೇ? ಲೆಕ್ಕ ಮಾಡುವುದೇ ಬೇಡ. 5ರಲ್ಲಿ ಮುಗಿಯುವ ಪೂರ್ಣವರ್ಗದ ಕೊನೆಯಲ್ಲಿ 25 ಇರಲೇಬೇಕು, ಇಲ್ಲಿರುವುದು 95. ಮುಂದೆ ಹೋಗಿ.

3705ರ ವರ್ಗ ಬಾಯಲ್ಲೇ ಬರುತ್ತದೆ: 370 × 371 = 1,37,270, ಅದರ ಪಕ್ಕ 25 ಇಡಿ. 1,37,27,025. ಕಳೆಯಿರಿ: 9604. ಅದು 98ರ ವರ್ಗ!

3705 − 98 = 3607. 3705 + 98 = 3803. ಐನೂರು ಭಾಗಾಕಾರದ ಕೆಲಸ ಎರಡೇ ಹೆಜ್ಜೆಯಲ್ಲಿ ಮುಗಿಯಿತು. ಇವೆರಡೂ ಅವಿಭಾಜ್ಯ. ಅನುಮಾನವಿದ್ದರೆ 61ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿ, ಅದಕ್ಕಿಂತ ಮುಂದೆ ಹೋಗುವುದು ಬೇಡ.

ಅಲ್ಲಿಗೆ 1,23,45,67,890 = 2 × 3² × 5 × 3607 × 3803. ಭಾಜಕಗಳು ಎಷ್ಟು? ಪ್ರತಿ ಘಾತಕ್ಕೂ ಒಂದು ಕೂಡಿಸಿ ಗುಣಿಸಿ: 2 × 3 × 2 × 2 × 2 = 48. 1 ಮತ್ತು ಆ ಸಂಖ್ಯೆಯೂ ಇದರಲ್ಲೇ ಸೇರಿವೆ. ಪಟ್ಟಿ ಬರೆಯುವಾಗ ಮಕ್ಕಳು ಮರೆಯುವುದು ಇವೆರಡನ್ನೇ.

ಈ ಉಪಾಯ ಓಡುವುದು ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದಾಗ ಮಾತ್ರ. ಸುಮ್ನೆ 98,76,54,321 ತೆಗೆದುಕೊಳ್ಳಿ. 9 ತೆಗೆದ ಮೇಲೆ ಅದು 17 × 17 × 3,79,721. ಅಲ್ಲಿ ವರ್ಗಮೂಲದಿಂದ ಹೊರಟರೆ ದಾರಿ ಬಲು ದೂರ. ಆದ್ದರಿಂದ 50ರೊಳಗಿನ ಅವಿಭಾಜ್ಯಗಳನ್ನು ಮೊದಲು ಒಮ್ಮೆ ಭಾಗಿಸಿ ನೋಡಿ, ಯಾವುದೂ ಸಿಗದಿದ್ದರೆ ಫರ್ಮಾ ದಾರಿ ಹಿಡಿಯಿರಿ.