ಮಗಳು ಅಮೆರಿಕದ ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡಬೇಕೆಂದರೆ: ಫ್ರೀಮಾಂಟ್‌ನ ಒಬ್ಬ ಅಮ್ಮನ ಲೆಕ್ಕ

ಕನ್ನಡ ಕೂಟದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ನಿಮ್ಮ ಮಗಳು ಸಾಫ್ಟ್‌ಬಾಲ್ ಆಡಿ ಕಾಲೇಜು ಸೇರಿದಳಂತಲ್ಲ, ಫೀಸೆಲ್ಲ ಫ್ರೀನಾ?" ಫ್ರೀ ಅಲ್ಲ ಕಣ್ರೀ. ಬೇಸ್‌ಬಾಲ್‌ನಂಥ ಈ ಆಟದಲ್ಲಿ ಅವಳು ಕ್ಯಾಚರ್, ಅಂದರೆ ಬ್ಯಾಟ್ ಮಾಡುವವಳ ಹಿಂದೆ ಕೂತು ಚೆಂಡು ಹಿಡಿಯುವವಳು. ಕಾಲೇಜು ಕ್ರೀಡೆಯ ಮೂರು ಮಟ್ಟಗಳಲ್ಲಿ ಕೊನೆಯದಾದ ಡಿವಿಷನ್ 3ರ ಕಾಲೇಜಿನ ತಂಡದಲ್ಲಿದ್ದಾಳೆ. ಆಟಕ್ಕೆಂದು ಅಲ್ಲಿ ಒಂದು ಡಾಲರೂ ಕೊಡುವ ಹಾಗಿಲ್ಲ. ಆದರೆ ಬರೀ ಮಾರ್ಕ್ಸ್ ನಂಬಿಕೊಂಡು ಅರ್ಜಿ ಹಾಕಿದ್ದರೆ ಆ ಕಾಲೇಜಿನಲ್ಲಿ ಸೀಟು ಸಿಗುತ್ತಿತ್ತೆಂದು ಎದೆ ತಟ್ಟಿ ಹೇಳಲಾರೆ. ನಮ್ಮಂಥ ಮನೆಗಳಿಗೆ ಈ ಆಟ ತಂದುಕೊಡುವುದು ಸೀಟು. ದುಡ್ಡು ಬಂದರೆ ಬೋನಸ್ಸು.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. 2024-25ರವರೆಗೆ, ಕಾಲೇಜು ಕ್ರೀಡೆ ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎಯ ಡಿವಿಷನ್ 1ರ ಒಂದು ಸಾಫ್ಟ್‌ಬಾಲ್ ತಂಡಕ್ಕೆ ಹೆಚ್ಚೆಂದರೆ 12 ಪೂರ್ಣ ಸ್ಕಾಲರ್‌ಶಿಪ್‌ನಷ್ಟು ಹಣ. ಅದನ್ನು ಕೋಚ್ ಇಪ್ಪತ್ತು ಚಿಲ್ಲರೆ ಹುಡುಗಿಯರಿಗೆ ಚೂರು ಚೂರು ಮಾಡಿ ಹಂಚುತ್ತಿದ್ದರು. ಚೆಂಡೆಸೆಯುವ ಪಿಚರ್‌ಗೆ ದೊಡ್ಡ ಪಾಲು, ಬೆಂಚಿನಲ್ಲಿ ಕೂರುವವರಿಗೆ ಪುಸ್ತಕದ ಖರ್ಚು. 2025ರ ಜೂನ್‌ನಲ್ಲಿ, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಮೊಕದ್ದಮೆಯ ರಾಜಿಗೆ ಕೋರ್ಟು ಒಪ್ಪಿಗೆ ಕೊಟ್ಟ ಮೇಲೆ, ಅದಕ್ಕೆ ಸೇರಿಕೊಂಡ ಕಾಲೇಜುಗಳಿಗೆ ಆ ಮಿತಿ ಹೋಯಿತು. ಬದಲಿಗೆ ತಂಡದಲ್ಲಿ 25 ಜನ ಮಾತ್ರ ಎಂಬ ಕಟ್ಟು ಬಂತು. ಮಿತಿ ಹೋಯಿತೆಂದ ಮಾತ್ರಕ್ಕೆ ಎಲ್ಲ ಕಾಲೇಜಿನವರೂ ಥೈಲಿ ಬಿಚ್ಚುವುದಿಲ್ಲ. ಡಿವಿಷನ್ 2ರಲ್ಲಿ ತಂಡಕ್ಕೆ 7.2 ಸ್ಕಾಲರ್‌ಶಿಪ್. ಡಿವಿಷನ್ 3ರಲ್ಲೂ ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್‌ನಲ್ಲೂ ಆಟದ ಸ್ಕಾಲರ್‌ಶಿಪ್ಪೇ ಇಲ್ಲ. ಎನ್‌ಎಐಎ ಎಂಬ ಇನ್ನೊಂದು ಸಂಸ್ಥೆಗೆ ಸೇರಿದ ಕಾಲೇಜುಗಳಲ್ಲಿ ಉಂಟು. ನಮ್ಮ ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲಿ ಆಡಬಹುದು, ಆಟಕ್ಕೆ ಹಣ ಸಿಗದು. ಪಿಚರ್ ನಿಜಾರೀ ಕ್ಯಾನಡಿ 2024ರಲ್ಲಿ ಸ್ಟ್ಯಾನ್‌ಫರ್ಡ್ ಬಿಟ್ಟು ಟೆಕ್ಸಸ್ ಟೆಕ್‌ಗೆ ಹೋದಾಗ ಹತ್ತು ಲಕ್ಷ ಡಾಲರ್ ಮೀರಿದ ಒಪ್ಪಂದವೆಂದು ಸುದ್ದಿಯಾಯಿತು. ಅಂಥವಳು ತಲೆಮಾರಿಗೊಬ್ಬಳು, ಅವಳನ್ನು ನೋಡಿ ಮನೆಯ ಬಜೆಟ್ ಹಾಕಬೇಡಿ.

ಹಾಗಾದರೆ ಯಾವ ಮಟ್ಟ ನಮ್ಮ ಮಗಳದು? ಇದಕ್ಕೆ ಅಪ್ಪ-ಅಮ್ಮನ ಕಣ್ಣು ಸಾಲದು, ಸ್ಟಾಪ್‌ವಾಚ್ ಬೇಕು. ಕ್ಯಾಚರ್ ಆದರೆ ಪಾಪ್ ಟೈಮ್: ಚೆಂಡು ಅವಳ ಗ್ಲೌಸಿಗೆ ಬಡಿದಾಗಿನಿಂದ ಎರಡನೇ ಬೇಸ್‌ನಲ್ಲಿರುವವಳ ಗ್ಲೌಸು ಸೇರುವವರೆಗಿನ ಸಮಯ. ದೂರ ಸುಮಾರು 85 ಅಡಿ. 1.8 ಸೆಕೆಂಡಿನ ಆಸುಪಾಸಿದ್ದರೆ ದೊಡ್ಡ ಕಾಲೇಜಿನವರು ತಲೆಯೆತ್ತಿ ನೋಡುತ್ತಾರೆ. 2 ಸೆಕೆಂಡಿನ ಹತ್ತಿರವಿದ್ದರೆ ಬೇರೆ ಒಳ್ಳೆಯ ಕಾಲೇಜುಗಳು ಬೇಕಾದಷ್ಟಿವೆ. ಪಿಚರ್ ನಿಲ್ಲುವುದು 43 ಅಡಿ ದೂರದಲ್ಲಿ. ಡಿವಿಷನ್ 1ಕ್ಕೆ ಗಂಟೆಗೆ 60 ಮೈಲಿ ದಾಟಿ ಎಸೆಯುವವರೇ ಬಹಳ, ಅದರ ಜೊತೆಗೆ ಚೇಂಜ್-ಅಪ್, ರೈಸ್, ಡ್ರಾಪ್ ಎಂಬ ಎಸೆತಗಳಲ್ಲಿ ಒಂದೆರಡಾದರೂ ಕೈಗೆ ಕೂತಿರಬೇಕು. ಎಡಗಡೆ ನಿಂತು, ಓಡುತ್ತಲೇ ಚೆಂಡನ್ನು ತಟ್ಟುವ ಸ್ಲ್ಯಾಪರ್ ಆದರೆ ಮೊದಲ ಬೇಸ್‌ಗೆ ತಲುಪುವ ಸಮಯವನ್ನು ಅಳೆಯುತ್ತಾರೆ. ಕ್ರಿಕೆಟ್ ನೋಡಿ ಬೆಳೆದ ನಮ್ಮ ಯಜಮಾನರಿಗೆ ಮೊದಲು ಇಷ್ಟವಾದದ್ದೇ ಈ ಸ್ಲ್ಯಾಪರ್‌ಗಳು.

ಹೈಸ್ಕೂಲ್ ತಂಡದಲ್ಲಿ ಆಡಿದರೆ ಸಾಕು ಎಂದುಕೊಳ್ಳಬೇಡಿ. ಹೈಸ್ಕೂಲ್ ಸೀಸನ್ ವಸಂತದಲ್ಲಿ, ಆಗ ಕಾಲೇಜು ಕೋಚ್‌ಗಳಿಗೂ ಅವರವರ ಪಂದ್ಯ. ಅವರು ಹುಡುಗಿಯರನ್ನು ನೋಡುವುದು ಬೇಸಿಗೆ ಮತ್ತು ಶರತ್ಕಾಲದ ಟ್ರಾವೆಲ್ ಬಾಲ್ (ಶಾಲೆಗೆ ಸೇರದ ಖಾಸಗಿ ತಂಡಗಳ) ಟೂರ್ನಮೆಂಟ್‌ಗಳಲ್ಲಿ: ಹಂಟಿಂಗ್ಟನ್ ಬೀಚ್, ಕೊಲೊರಾಡೊ, ಅಂಥ ಕಡೆ. 16ಯು, 18ಯು (16, 18ರೊಳಗಿನ) ವಯೋಮಿತಿಯ ತಂಡ ಆರಿಸುವಾಗ ಜೆರ್ಸಿಯ ಹೆಸರು ನೋಡಬೇಡಿ. ಹೋದ ಎರಡು ವರ್ಷ ಆ ತಂಡದ ಹುಡುಗಿಯರು ಯಾವ್ಯಾವ ಕಾಲೇಜಿಗೆ ಹೋದರು, ನಿಮ್ಮ ಮಗಳಿಗೆ ಎಷ್ಟು ಇನ್ನಿಂಗ್ಸ್ ಸಿಗುತ್ತದೆ, ಇವೆರಡನ್ನು ಕೇಳಿ. ಹೆಸರುವಾಸಿ ತಂಡದ ಮೂರನೇ ಕ್ಯಾಚರ್‌ನನ್ನು ಯಾವ ಕೋಚೂ ನೋಡಲಾರರು, ಅವಳು ಡಗ್‌ಔಟ್‌ನಲ್ಲಿರುತ್ತಾಳೆ.

ದಿನಾಂಕಗಳನ್ನು ಫ್ರಿಜ್ ಮೇಲೆ ಅಂಟಿಸಿಕೊಳ್ಳಿ. ಡಿವಿಷನ್ 1 ಕೋಚ್‌ಗಳು ಹುಡುಗಿಯ ಜೊತೆ ಆಯ್ಕೆಯ ಮಾತಾಡಬಹುದಾದದ್ದು ಜೂನಿಯರ್ ವರ್ಷ, ಅಂದರೆ 11ನೇ ತರಗತಿಯ ಸೆಪ್ಟೆಂಬರ್ 1ರಿಂದ. ಡಿವಿಷನ್ 2ರವರು ಅದಕ್ಕೆ ಮುಂಚಿನ ಜೂನ್ 15ರಿಂದ. ಡಿವಿಷನ್ 3ರಲ್ಲಿ ಇಷ್ಟು ಬಿಗಿಯಿಲ್ಲ. ಆ ದಿನಾಂಕಗಳಿಗೆ ಮೊದಲು ನೀವು ಎಷ್ಟು ಬರೆದರೂ ಬರುವುದು ಮೌನ, ಇಲ್ಲವೇ ಕಾಲೇಜಿನ ತರಬೇತಿ ಕ್ಯಾಂಪಿನ ಕರಪತ್ರ. ಮೌನವೆಂದರೆ ತಿರಸ್ಕಾರವಲ್ಲ, ನಿಯಮ. ಓದುತ್ತಿರುತ್ತಾರೆ, ಬೇಲಿಯಾಚೆ ಕುರ್ಚಿ ಹಾಕಿಕೊಂಡು ನೋಡುತ್ತಲೂ ಇರುತ್ತಾರೆ.

ಇನ್ನು ಇಮೇಲ್. ಇದನ್ನು ಮಗಳೇ ಬರೆಯಬೇಕು. ಅಮ್ಮ ಬರೆದದ್ದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ, ಅಪ್ಪ ಬರೆದದ್ದು ಪವರ್‌ಪಾಯಿಂಟ್ ತರಹ ಕಾಣುತ್ತದೆ. ಸಬ್ಜೆಕ್ಟ್ ಸಾಲಿನಲ್ಲೇ ಹೈಸ್ಕೂಲ್ ಮುಗಿಯುವ ವರ್ಷ, ಹೆಸರು, ಪೊಸಿಷನ್, ತಂಡ. ಒಳಗೆ ಆ ಕಾಲೇಜೇ ಯಾಕೆ ಅನ್ನುವುದಕ್ಕೆ ಎರಡು ಸಾಲು, ಜಿಪಿಎ (ಅಂಕಗಳ ಸರಾಸರಿ), ಅಳತೆಯ ಅಂಕಿಗಳು, ವಿಡಿಯೊ ಕೊಂಡಿ, ತಂಡದ ಕೋಚ್‌ನ ಫೋನ್ ನಂಬರ್. ಮುಂದಿನ ಟೂರ್ನಮೆಂಟ್‌ನ ವೇಳಾಪಟ್ಟಿಯಲ್ಲಿ ಮೈದಾನದ ನಂಬರ್ ಮತ್ತು ಜೆರ್ಸಿ ನಂಬರ್ ತಪ್ಪದೆ ಇರಲಿ. ಒಂದೇ ಪಾರ್ಕಿನಲ್ಲಿ ಎಂಟು ಕಡೆ ಆಟ ನಡೆಯುತ್ತಿರುವಾಗ ಕೋಚ್‌ಗೆ ಬೇಕಾದದ್ದು ಅದೇ. ವಾರದ ಮೊದಲಲ್ಲೇ ಕಳಿಸಿ. ಶುಕ್ರವಾರದ ಹೊತ್ತಿಗೆ ಅವರ ಓಡಾಟ ಗೊತ್ತಾಗಿರುತ್ತದೆ. ನಮ್ಮ ಮಕ್ಕಳ ಕೈಲಿ "ರೆಸ್ಪೆಕ್ಟೆಡ್ ಸರ್" ಬರೆಸುವ ಚಾಳಿ ಬಿಡಿ. ಈ ಆಟದ ಕೋಚ್‌ಗಳಲ್ಲಿ ಹೆಂಗಸರೇ ಬಹಳ, "ಕೋಚ್" ಎಂದು ಬರೆದು ಅವರ ಸರ್‌ನೇಮ್ ಹಾಕಿದರೆ ಮುಗಿಯಿತು. ಕೋಚ್‌ಗಳ ವಿಳಾಸ ಕಾಲೇಜಿನ ಕ್ರೀಡಾ ವಿಭಾಗದ ವೆಬ್‌ಸೈಟ್‌ನಲ್ಲೇ ಇರುತ್ತದೆ, ಪ್ರಶ್ನಾವಳಿ ಫಾರಂ ಕೂಡ. ಅದನ್ನು ಹುಡುಕಿಕೊಡುತ್ತೇವೆಂದು ಸಾವಿರಾರು ಡಾಲರ್ ಕೇಳುವವರಿದ್ದಾರೆ. ನಿಮಗೆ ಇಂಟರ್‌ನೆಟ್ ಇದ್ದರೆ ಅವರ ಅಗತ್ಯವಿಲ್ಲ.

ವಿಡಿಯೊ ಎರಡು-ಮೂರು ನಿಮಿಷ ಸಾಕು. ಹಾಡು, ನಿಧಾನಗತಿ, ಹಾರುವ ಅಕ್ಷರ ಯಾವುದೂ ಬೇಡ. ಅತ್ಯುತ್ತಮವಾದದ್ದು ಮೊದಲ ಇಪ್ಪತ್ತು ಸೆಕೆಂಡಿನಲ್ಲೇ ಬರಲಿ.

"ನಿಮ್ಮ ಮಗಳನ್ನು ಗಮನಿಸುತ್ತಿದ್ದೇವೆ, ಕ್ಯಾಂಪಿಗೆ ಬನ್ನಿ" ಎಂಬ ಇಮೇಲ್ ಬಂದರೆ ಊರಿಗೆ ಫೋನ್ ಮಾಡಿ ಸಿಹಿ ಹಂಚಬೇಡಿ. ನಿಯಮದ ಪ್ರಕಾರ ಆ ಕ್ಯಾಂಪು ಯಾರಿಗಾದರೂ ತೆರೆದಿರಲೇಬೇಕು, ಅಂಥ ಇಮೇಲ್ ರಾಶಿ ರಾಶಿ ಹೋಗುತ್ತದೆ. ನಿಜವಾದ ಆಸಕ್ತಿಯ ಗುರುತೇ ಬೇರೆ: ಕೋಚ್ ಅವಳ ಯಾವುದೋ ಒಂದು ಆಟವನ್ನು ಹೆಸರಿಸಿ ಬರೆಯುತ್ತಾರೆ, ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಕೇಳುತ್ತಾರೆ, ಫೋನಿಗೆ ಸಮಯ ಕೇಳುತ್ತಾರೆ. ಪಟ್ಟಿಯಲ್ಲಿ ಮೇಲಿರುವ ಮೂರ್ನಾಲ್ಕು ಕಾಲೇಜುಗಳ ಕ್ಯಾಂಪಿಗೆ ಮಾತ್ರ ಹೋಗುವುದು ಜಾಣತನ.

ಮೈದಾನದಲ್ಲಿ ನಮ್ಮ ನಡವಳಿಕೆಗೂ ಅಂಕವಿದೆ. ಸ್ಟ್ರೈಕ್‌ಔಟ್ ಆಗಿ ಬಂದವಳು ಹೆಲ್ಮೆಟ್ ಎಸೆಯುತ್ತಾಳೋ, ಮುಂದಿನವಳಿಗೆ ಪಿಚರ್ ಏನು ಎಸೆಯುತ್ತಿದ್ದಾಳೆಂದು ಹೇಳುತ್ತಾಳೋ, ನೀರು ಕೊಟ್ಟ ಅಮ್ಮನ ಮೇಲೆ ರೇಗುತ್ತಾಳೋ, ಎಲ್ಲ ನೋಡುತ್ತಾರೆ. ಮ್ಯಾಂಟೀಕಾದ ಉರಿಬಿಸಿಲಲ್ಲಿ ಅಪ್ಪಂದಿರು ಬ್ಯಾಕ್‌ಸ್ಟಾಪ್ ಹಿಂದೆ ನಿಂತು "ಮೊಣಕೈ ಮೇಲೆತ್ತೇ!" ಎಂದು ಕನ್ನಡದಲ್ಲಿ ಕೂಗಿದರೂ ಕೋಚ್‌ಗೆ ಅರ್ಥವಾಗುತ್ತದೆ. ನೀವು ಔಟ್‌ಫೀಲ್ಡ್ ಬೇಲಿಯ ಬಳಿ ಕುರ್ಚಿ ಹಾಕಿ, ಕೂಲರ್‌ನ ಮೊಸರನ್ನ ತಿಂದುಕೊಂಡಿರಿ.

ಈಗ ಓದು. ನಮ್ಮವರ ಕೈಯಲ್ಲಿ ಗಟ್ಟಿಯಿರುವುದು ಇದೇ, ಆದರೆ ಇದನ್ನು ಆಟದ ಜೊತೆ ಜೋಡಿಸಿ ನೋಡುವವರು ಕಡಿಮೆ. ಡಿವಿಷನ್ 1 ಮತ್ತು 2ಕ್ಕೆ 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯಗಳ ಪಾಠ) ಕಡ್ಡಾಯ. ಡಿವಿಷನ್ 1ಕ್ಕೆ ಅವುಗಳಲ್ಲಿ 10 ಸೀನಿಯರ್ ವರ್ಷ, ಅಂದರೆ 12ನೇ ತರಗತಿ ಶುರುವಾಗುವ ಮೊದಲೇ ಮುಗಿಯಬೇಕು, ಕೋರ್ ಜಿಪಿಎ ಕನಿಷ್ಠ 2.3. ಎನ್‌ಸಿಎಎ ಈಗ ಎಸ್‌ಎಟಿ ಕೇಳುವುದಿಲ್ಲ, ಕಾಲೇಜು ಕೇಳಬಹುದು. 2.3 ನಮ್ಮ ಮನೆಗಳಲ್ಲಿ ನಗೆಯ ವಿಷಯ, ನಿಜ. ಓದು ಲಾಭ ತರುವುದು ಇನ್ನೊಂದು ತುದಿಯಲ್ಲಿ, ಜಿಪಿಎ ಬಹಳ ಮೇಲಿರುವಲ್ಲಿ. ಟಫ್ಟ್ಸ್, ಎಮೊರಿ, ವಿಲಿಯಮ್ಸ್‌ನಂಥ ಡಿವಿಷನ್ 3 ಕಾಲೇಜಿನ ಕೋಚ್‌ಗೆ ಆಡಲು ಬರುವವರು ಬೇಕಾದಷ್ಟು ಸಿಗುತ್ತಾರೆ. ಆಡಲೂ ಬರುವ, ಅಡ್ಮಿಷನ್ ಕಚೇರಿ ಒಪ್ಪುವಷ್ಟು ಓದಿಯೂ ಇರುವ ಕ್ಯಾಚರ್ ಅಪರೂಪ. ಹನ್ನೊಂದನೇ ತರಗತಿ ಮುಗಿದ ಬೇಸಿಗೆಯಲ್ಲಿ ಇಂಥ ಕೋಚ್‌ಗಳು ತಮಗೆ ಬೇಕಾದವರ ಟ್ರಾನ್ಸ್‌ಕ್ರಿಪ್ಟನ್ನು ಅಡ್ಮಿಷನ್ ಕಚೇರಿಗೆ ಕಳಿಸಿ ಪ್ರೀ-ರೀಡ್, ಅಂದರೆ ಅರ್ಜಿಗೆ ಮುಂಚಿನ ಪರಿಶೀಲನೆ ಮಾಡಿಸುತ್ತಾರೆ. ಅಲ್ಲಿಂದ ಒಳ್ಳೆಯ ಉತ್ತರ ಬಂದರೆ, ಅರ್ಲಿ ಡಿಸಿಷನ್‌ನಲ್ಲಿ (ಸೀಟು ಸಿಕ್ಕರೆ ಸೇರಲೇಬೇಕಾದ ಮುಂಗಡ ಸುತ್ತಿನಲ್ಲಿ) ಅರ್ಜಿ ಹಾಕಲು ಹೇಳಿ ಕೋಚ್ ಬೆನ್ನಿಗೆ ನಿಲ್ಲುತ್ತಾರೆ. ಎಂಐಟಿಯಲ್ಲೂ ತಂಡವಿದೆ, ಅಲ್ಲಿ ಮಾತ್ರ ಕೋಚ್ ಮಾತಿಗೆ ಸೀಟಿನ ಖಾತ್ರಿಯಿಲ್ಲ.

ವೀಸಾದ ಮೇಲಿರುವವರಿಗೆ ಒಂದು ಮಾತು. ಮಗಳು ಎಚ್-4 (ಎಚ್-1ಬಿ ಕೆಲಸಗಾರರ ಕುಟುಂಬದ ವೀಸಾ) ಆದರೆ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ. ಆಟದ ಸ್ಕಾಲರ್‌ಶಿಪ್ ಕಾಲೇಜಿನ ಸ್ವಂತ ಹಣ, ಅದಕ್ಕೆ ವೀಸಾ ಅಡ್ಡಿಯಿಲ್ಲ. ಹೆಸರು ಮತ್ತು ಮುಖ ಮಾರಿ ಗಳಿಸುವ ಎನ್‌ಐಎಲ್ ಹಣದ ಕಥೆ ಬೇರೆ: ಎಚ್-4ರಲ್ಲೂ 21 ತುಂಬಿದ ಮೇಲಿನ ಎಫ್-1 ವಿದ್ಯಾರ್ಥಿ ವೀಸಾದಲ್ಲೂ ದುಡಿಮೆಯ ಮೇಲೆ ಕಟ್ಟುಪಾಡಿದೆ, ಇಮಿಗ್ರೇಷನ್ ವಕೀಲರನ್ನು ಕೇಳದೆ ಟೀಶರ್ಟ್ ಜಾಹೀರಾತಿಗೂ ಸಹಿ ಹಾಕಬೇಡಿ.

ಕೊನೆಗೆ ಒಂದು ದಿನ ಕೋಚ್ ಫೋನಿನಲ್ಲಿ "ನೀನು ನಮಗೆ ಬೇಕು" ಎನ್ನುತ್ತಾರೆ. ಆಗ ಮಗಳು ಕೇಳಬೇಕಾದದ್ದು: ನನ್ನ ವರ್ಷದಲ್ಲಿ ಇನ್ನೆಷ್ಟು ಕ್ಯಾಚರ್‌ಗಳಿದ್ದಾರೆ? ಟ್ರಾನ್ಸ್‌ಫರ್ ಪೋರ್ಟಲ್‌ನಿಂದ (ಕಾಲೇಜು ಬದಲಿಸುವ ಆಟಗಾರರ ಪಟ್ಟಿಯಿಂದ) ವರ್ಷಕ್ಕೆ ಎಷ್ಟು ಜನರನ್ನು ತರುತ್ತೀರಿ? ಸ್ಕಾಲರ್‌ಶಿಪ್ ಒಂದು ವರ್ಷಕ್ಕೋ, ನಾಲ್ಕಕ್ಕೋ? ಗಾಯವಾದರೆ? ಮಧ್ಯಾಹ್ನ ಕೆಮಿಸ್ಟ್ರಿ ಲ್ಯಾಬ್ ಇದ್ದರೆ ಅಭ್ಯಾಸದ ಗತಿ ಏನು? ಉತ್ತರ ಯಾವಾಗ ಹೇಳಬೇಕು? ಬಾಯಿಮಾತಿಗೆ ಎರಡೂ ಕಡೆ ಕಟ್ಟಿಲ್ಲ. ಆಟಗಾರ್ತಿ ಇಂಥ ಕಾಲೇಜಿಗೇ ಸೇರುತ್ತೇನೆಂದು ಸಹಿ ಹಾಕುತ್ತಿದ್ದ ಹಳೆಯ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ 2024ರ ಅಕ್ಟೋಬರ್‌ನಲ್ಲಿ ಕೊನೆಗೊಂಡಿತು. ಈಗ ಸ್ಕಾಲರ್‌ಶಿಪ್ ಇರುವ ಕಡೆ ಲೆಕ್ಕಕ್ಕೆ ಬರುವುದು ಸಹಿಯಾದ ಹಣಕಾಸು ಒಪ್ಪಂದ, ಡಿವಿಷನ್ 3ರಲ್ಲಿ ಅಡ್ಮಿಷನ್ ಪತ್ರ. ಅದು ಕೈ ಸೇರುವವರೆಗೆ ಎರಡನೇ, ಮೂರನೇ ಆಯ್ಕೆಯ ಕಾಲೇಜಿನ ಅರ್ಜಿಯೂ ಸಿದ್ಧವಿರಲಿ.