ಎರಚಲು ಮಳೆಯೂರಲ್ಲಿ ಚಿಮಣಿ ರಿಪೇರಿ: ನನ್ನ ಅನುಭವ

ಧಾರವಾಡದ ಮಳೆಗೆ ಕೊಡೆ ಹಿಡಿದವರಿಗೆಲ್ಲ ಗೊತ್ತು, ಅದು ನೆತ್ತಿಯ ಮೇಲೆ ಬೀಳುವುದಕ್ಕಿಂತ ಮೈಗೆ ಬಡಿಯುವುದೇ ಜಾಸ್ತಿ. ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಮಲೆನಾಡಿನ ಸೆರಗಿನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಬಿಡುವುದೇ ಇಲ್ಲ. ಮಳೆ ಅಷ್ಟೇನು ಜೋರಲ್ಲ, ಜಿಟಿಜಿಟಿ. ಆದರೆ ಹಿಡಿದರೆ ದಿನಗಟ್ಟಲೆ ಹಿಡಿಯುತ್ತದೆ. ಇಂಥ ಕಡೆ ಹಂಚಿನ ಮನೆಯ ಚಿಮಣಿಗೆ ಮೇಲಿನಿಂದ ಒಂದು ಮುಚ್ಚಳ ಇಟ್ಟರೆ ಆಯಿತು ಅಂದುಕೊಳ್ಳುವ ಹಾಗಿಲ್ಲ. ನೀರು ಬಾಜೂಕಿನಿಂದ ಬರುತ್ತದೆ.

ನಮ್ಮದು ಮಾಳಮಡ್ಡಿ ಕಡೆಯ ಹಳೇ ಹಂಚಿನ ಮನೆ. ಅಡುಗೆಮನೆಯ ಕಟ್ಟಿಗೆ ಒಲೆಯೂ ಬಚ್ಚಲ ಹಂಡೆಯ ಒಲೆಯೂ ಬೆನ್ನಿಗೆ ಬೆನ್ನು ಹಚ್ಚಿವೆ. ಎರಡಕ್ಕೂ ಒಂದೇ ಇಟ್ಟಂಗಿ ಚಿಮಣಿ. ಅದರೊಳಗೆ ಎಂಟು ಇಂಚಿನ ಸುಟ್ಟ ಮಣ್ಣಿನ ಕೊಳವೆ. ಗ್ಯಾಸ್ ಬಂದು ಎಷ್ಟೋ ವರ್ಷ ಆಯಿತು, ನಿಜ. ಆದರೆ ಹಂಡೆ ನೀರಿನ ಸ್ನಾನ ಬಿಡಲು ಮನೆಯಲ್ಲಿ ಯಾರೂ ತಯಾರಿಲ್ಲ. ಹಬ್ಬಕ್ಕೆ ಹೋಳಿಗೆಯ ಹೂರಣ ಕುದಿಯುವುದೂ ಅಲ್ಲೇ. ಮಳೆಗಾಲದಲ್ಲಿ ಚಿಮಣಿಯ ಗೋಡೆಗುಂಟ ಕಂದು ಬಣ್ಣದ ನೀರು ಇಳಿಯುತ್ತಿತ್ತು. ಮಸಿ ಕರಗಿ ಬರುವ ನೀರು ಅದು. ಸುಣ್ಣ ಬಳಿದರೂ ಆ ಕಲೆ ಮತ್ತೆ ಮೂಡುತ್ತದೆ.

ಇಂಥಲ್ಲಿ ಎಲ್ಲರೂ ಮೊದಲು ಮಾಡುವುದು ಮೇಲೆ ಹತ್ತಿ ಸಿಮೆಂಟ್ ಮೆತ್ತುವುದು. ಅದಕ್ಕೂ ಮುಂಚೆ ನೀರು ಎಲ್ಲಿಂದ ಬರುತ್ತದೆ ಅಂತ ನೋಡಬೇಕು. ಒಣ ದಿನ ನೋಡಿ, ಒಂದು ಪೈಪು ತಗೊಂಡು, ಕೆಳಗಿನಿಂದ ಮೇಲಕ್ಕೆ ನೀರು ಬಿಡುತ್ತಾ ಹೋಗಬೇಕು. ಮೊದಲು ಹಂಚೂ ಚಿಮಣಿಯೂ ಕೂಡುವ ಜಾಗ. ಅಲ್ಲಿ ಕಾಲು ಗಂಟೆ ಬಿಟ್ಟು ಒಳಗಿನವರನ್ನು ಕೇಳಬೇಕು. ಆಮೇಲೆ ಇಟ್ಟಂಗಿಯ ಮೈ, ಆಮೇಲೆ ತಲೆಯ ಮೇಲಿನ ಸಿಮೆಂಟ್ ಹಾಸು, ಕೊನೆಗೆ ಟೊಪ್ಪಿಗೆಯ, ಅಂದರೆ ಕೊಳವೆಯ ಬಾಯಿಯ ಮೇಲಿನ ಮುಚ್ಚಳದ ಸಂದು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರಿದು ಇಳಿಯುತ್ತದೆ, ಯಾವುದು ಸೋರಿತು ಅಂತ ತಿಳಿಯುವುದಿಲ್ಲ. ನಾನು ಮೇಲೆ, ಅವ್ವ ಒಲೆಯ ಮುಂದೆ. ಮೊದಲ ಜಾಗದಲ್ಲೇ "ಬಂತ್ ನೋಡಪಾ, ಎಡಕ್ಕ" ಎಂದು ಕೂಗಿದಳು. ಅದು ಒಣಗುವವರೆಗೆ ಕಾದು ತಲೆಯ ಸಿಮೆಂಟ್ ಹಾಸಿನ ಮೇಲೆ ನೀರು ಬಿಟ್ಟೆ. ಅಲ್ಲೂ ಬಂತು. ಅಂದರೆ ಸೋರುತ್ತಿದ್ದದ್ದು ಎರಡು ಕಡೆ.

ಗೌಂಡಿ ಕಾಕಾ ಬಂದವರು ಚಿಮಣಿಯ ಪಶ್ಚಿಮದ ಮೈಯನ್ನು ಉಗುರಿನಿಂದ ಕೆರೆದು ನೋಡಿದರು. ಸಂದಿನ ಗಾರೆ ಪುಡಿಪುಡಿಯಾಗಿ ಉದುರಿತು. ಪೂರ್ವದ ಮೈ ಕಟ್ಟಿದ ದಿನ ಹೇಗಿತ್ತೋ ಹಾಗೇ ಇತ್ತು. "ಸರ್ರ, ಇದಕ್ಕ ವಯಸ್ಸಾಗಿಲ್ರಿ, ಗಾಳಿ ತಿಂದತಿ" ಅಂದರು.

ಚಿಮಣಿಯ ತಲೆಯ ಮೇಲೆ, ಕೊಳವೆಯ ಸುತ್ತ ಇರುವ ಹಾಸನ್ನು ವಿಡಿಯೋಗಳಲ್ಲಿ ಕ್ರೌನ್ ಅಂತಾರೆ. ನಾನೂ ಹಾಗೇ ಬರೆಯುತ್ತೇನೆ. ನಮ್ಮ ಹಳೆಯ ಕ್ರೌನ್ ಎಂದರೆ ಇಟ್ಟಂಗಿ ಕಟ್ಟಿದ ಮೇಲೆ ಉಳಿದ ಗಾರೆಯನ್ನು ಹಾಗೇ ಮೇಲೆ ಸವರಿದ್ದು. ಒಂದು ಇಂಚೂ ದಪ್ಪ ಇರಲಿಲ್ಲ. ಅಂಚು ಇಟ್ಟಂಗಿಯ ಮೈಗೆ ಸರಿಯಾಗಿ ನಿಂತಿತ್ತು, ಒಂದಿಷ್ಟೂ ಹೊರಗೆ ಚಾಚಿರಲಿಲ್ಲ. ಮೇಲೆ ಬಿದ್ದ ನೀರೆಲ್ಲ ಇಟ್ಟಂಗಿಗುಂಟ ಇಳಿಯುತ್ತಿತ್ತು. ಗಾರೆ ಮಣ್ಣಿನ ಕೊಳವೆಗೆ ಗಟ್ಟಿಯಾಗಿ ಅಂಟಿತ್ತು. ಒಲೆ ಉರಿದಾಗ ಕೊಳವೆ ಬಿಸಿಯಾಗಿ ಹಿಗ್ಗುತ್ತದೆ, ಸುತ್ತಲಿನ ಗಾರೆ ಹಿಗ್ಗುವುದಿಲ್ಲ. ಹೀಗಾಗಿ ಕೊಳವೆಯಿಂದ ನಾಲ್ಕೂ ಮೂಲೆಗೆ ಬಿರುಕು ಓಡಿದ್ದವು. ಇಂಥ ಬಿರುಕಿಗೆ ಸಿಮೆಂಟ್ ಹಾಲು ಸುರಿದರೆ ಮುಂದಿನ ಮಳೆಗೆ ಮತ್ತೆ ಬಿಡುತ್ತದೆ. ಕೂದಲೆಳೆಯಷ್ಟು ಸಣ್ಣ ಬಿರುಕಿದ್ದು, ಹಾಸು ಗಟ್ಟಿಯಿದ್ದರೆ ರಬ್ಬರಿನಂತೆ ಜಗ್ಗುವ ವಾಟರ್‌ಪ್ರೂಫ್ ಕೋಟ್ ಎರಡು ಸಲ ಬಳಿದರೆ ಸಾಕು. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಮಾತ್ರ ಒಡೆಯುವುದೇ ಸರಿ. ನಮ್ಮದು ಟೊಳ್ಳಿತ್ತು.

ಕೆಲಸಕ್ಕೆ ನಾನು ಆರಿಸಿದ್ದು ಫೆಬ್ರವರಿ ಕೊನೆ. ಏಪ್ರಿಲ್ ಬಂತೆಂದರೆ ಗುಡುಗು, ಆಲಿಕಲ್ಲು, ಬಿರುಗಾಳಿ ಯಾವಾಗ ಬರುತ್ತವೋ ಹೇಳುವಂತಿಲ್ಲ. ಹಂಚಿನ ಮೇಲೆ ಕಾಲಿಡಲೇಬೇಡಿ. ಮಂಗಳೂರು ಹಂಚು ಮೈಭಾರ ತಡೆಯುವುದಿಲ್ಲ. ಚಿಮಣಿಯ ಸುತ್ತಲಿನ ಹಂಚು ಬಿಚ್ಚಿ ಇಳಿಸಿ, ಪಕ್ಕಾಸಿನ ಮೇಲೆ ಅಡ್ಡ ಹಲಗೆ ಹಾಕಿ, ನಿಚ್ಚಣಿಕೆಯ ತಲೆಯನ್ನು ಮಾಡಿನ ನೆತ್ತಿಗೆ ಕೊಕ್ಕೆ ಹಾಕಿ ಬಿಗಿದೆವು. ಸೊಂಟಕ್ಕೆ ಹಗ್ಗವೂ ಇತ್ತು. ಒಡೆಯುವ ಮುನ್ನ ಕೊಳವೆಯ ಬಾಯಿಗೆ ಗೋಣಿತಟ್ಟು ತುರುಕಿದ್ದೆವು, ಇಲ್ಲದಿದ್ದರೆ ಚೂರೆಲ್ಲ ಒಲೆಗೆ ಬೀಳುತ್ತಿತ್ತು. ಕೆಲಸ ಮುಗಿದ ಕೂಡಲೇ ಅದನ್ನು ತೆಗೆಯುವುದು ಮರೆಯಬಾರದು. ಬಾಯಿ ಮುಚ್ಚಿದ ಚಿಮಣಿಯ ಕೆಳಗೆ ಒಲೆ ಹಚ್ಚಿದರೆ ವಿಷದ ಹೊಗೆ ಮನೆ ತುಂಬುತ್ತದೆ, ಜೀವಕ್ಕೇ ಅಪಾಯ.

ಹೊಸ ಕ್ರೌನ್ ಗಾರೆಯದಲ್ಲ, ಕಾಂಕ್ರೀಟಿನದು. ಚಿಮಣಿ ಹೊರಗಿನಿಂದ 18 ಇಂಚು ಚೌಕ. ನಾಲ್ಕೂ ಕಡೆ ಎರಡೆರಡು ಇಂಚು ಹೊರಗೆ ಚಾಚುವಂತೆ 22 ಇಂಚಿನ ಪ್ಲೈವುಡ್ ಚೌಕಟ್ಟು ಕಟ್ಟಿದೆವು. ದಪ್ಪ ಕೊಳವೆಯ ಹತ್ತಿರ ನಾಲ್ಕು ಇಂಚು, ಅಂಚಿನಲ್ಲಿ ಮೂರು. ಈ ಒಂದು ಇಂಚಿನ ಇಳಿಜಾರು ಸಾಕು, ನೀರು ನಿಲ್ಲುವುದಿಲ್ಲ. ಕೊಳವೆ ಹಾಸಿಗಿಂತ ಎರಡು ಇಂಚು ಮೇಲೆ ನಿಲ್ಲಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ವಿಷಯ. ಚಾಚಿದ ಅಂಚಿನ ತಳಭಾಗದಲ್ಲಿ ಸುತ್ತಲೂ ಸಣ್ಣ ಕಾಲುವೆಯಂಥ ಒಂದು ತೋಡು ಇರಬೇಕು. ಇಲ್ಲದಿದ್ದರೆ ಅಂಚಿನಿಂದ ಇಳಿದ ನೀರು ತಳಕ್ಕೆ ಅಂಟಿಕೊಂಡು ವಾಪಸ್ ಇಟ್ಟಂಗಿಗೆ ಹೋಗುತ್ತದೆ. ಗಾಳಿ ಅದನ್ನು ಇನ್ನಷ್ಟು ಒಳಗೆ ತಳ್ಳುತ್ತದೆ. ಚೌಕಟ್ಟಿನ ತಳದ ಹಲಗೆಗೆ, ಹೊರ ಅಂಚಿನಿಂದ ಒಂದು ಇಂಚು ಒಳಗೆ, ಬೆರಳಗಲದ ಕಟ್ಟಿಗೆ ಪಟ್ಟಿ ಹೊಡೆದು ಎಣ್ಣೆ ಸವರಿದೆ. ಕಾಂಕ್ರೀಟ್ ಬಲಿತ ಮೇಲೆ ಹಲಗೆ ಬಿಚ್ಚಿದರೆ ಪಟ್ಟಿಯ ಜಾಗದಲ್ಲಿ ತೋಡು ಉಳಿಯುತ್ತದೆ. ನೀರು ಅಲ್ಲಿಗೆ ಬಂದು, ದಾಟಲಾಗದೆ, ಹನಿಯಾಗಿ ಕೆಳಗೆ ಬೀಳುತ್ತದೆ. ಕಿಟಕಿಯ ಸಜ್ಜಾದ ಕೆಳಗೆ ಒಳ್ಳೆಯ ಗೌಂಡಿಗಳು ಮಾಡುವುದೂ ಇದನ್ನೇ, ಚಿಮಣಿಗೆ ಮಾತ್ರ ಯಾರೂ ಮಾಡುವುದಿಲ್ಲ.

ಕೊಳವೆಗೂ ಕಾಂಕ್ರೀಟಿಗೂ ನಡುವೆ ಥರ್ಮಾಕೋಲ್ ಪಟ್ಟಿ ಸುತ್ತಿದೆವು, ಸುಮಾರು 8 ಮಿ.ಮೀ. ಆಮೇಲೆ ಅದನ್ನು ಪೂರ್ತಿ ಕೆರೆದು ತೆಗೆದು, ಕೆಳಗೆ ಗ್ಲಾಸ್ ಫೈಬರ್ ಹಗ್ಗ ತುರುಕಿ, ಮೇಲೆ ಬಿಸಿ ತಾಳುವ ಸಿಲಿಕಾನ್ ತುಂಬಿದೆ. ಈಗ ಕೊಳವೆ ತನ್ನ ಪಾಡಿಗೆ ಹಿಗ್ಗಬಹುದು. ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟು, ಎರಡು ಉಸುಕು, ನಾಲ್ಕು ಸಣ್ಣ ಖಡಿ, ಅಂದರೆ 10 ಮಿ.ಮೀ.ನದು. ನೀರು ಕಡಿಮೆ. 6 ಮಿ.ಮೀ. ಸಲಾಕೆಯ ಎರಡು ಬಳೆ ಒಳಗಿವೆ, ಎಲ್ಲ ಕಡೆಯಿಂದ ಒಂದು ಇಂಚಾದರೂ ಒಳಗೆ. ಅಂಚಿಗೆ ಹತ್ತಿರ ಬಂದರೆ ತುಕ್ಕು ಹಿಡಿದು ಕಾಂಕ್ರೀಟನ್ನೇ ಸೀಳುತ್ತದೆ. ಇಷ್ಟು ಸಣ್ಣ ಹಾಸೂ ಲೆಕ್ಕ ಹಾಕಿದರೆ 60 ಕೆ.ಜಿ. ಸಮೀಪ ತೂಗುತ್ತದೆ. ಕೆಳಗಿನ ಎರಡು ಸಾಲು ಇಟ್ಟಂಗಿ ಅಲುಗಾಡುತ್ತಿದ್ದರೆ ಅವನ್ನು ಮೊದಲು ಬಿಚ್ಚಿ ಕಟ್ಟಬೇಕು.

ನೀರು ಹೊಡೆಯುವುದರಲ್ಲಿ ಜಿಪುಣತನ ಬೇಡ. ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟಿಗೆ ಕನಿಷ್ಠ 10 ದಿನ, ಒಣ ಬಿಸಿಲಿದ್ದರೆ 14 ದಿನ ತೇವ ಇಡಬೇಕು ಅನ್ನುತ್ತದೆ ಕಾಂಕ್ರೀಟಿನ ಭಾರತೀಯ ಮಾನಕ ಐ.ಎಸ್. 456. ಫೆಬ್ರವರಿ, ಮಾರ್ಚ್‌ನ ನಮ್ಮೂರ ಗಾಳಿ ಗಂಟೆಯೊಳಗೆ ಒಣಗಿಸಿಬಿಡುತ್ತದೆ. ಗೋಣಿತಟ್ಟು ಹೊದಿಸಿ, ಹಾರದಂತೆ ಇಟ್ಟಂಗಿ ಹೇರಿ, ಮುಂಜಾನೆ ಸಂಜೆ ತೋಯಿಸಿದೆವು.

ಇನ್ನು ಟೊಪ್ಪಿಗೆ. ಇದರಲ್ಲಿ ಒಂದು ಜಗ್ಗಾಟ ಇದೆ. ಮುಚ್ಚಳ ತೀರ ತಗ್ಗಿದ್ದರೆ ಹೊಗೆ ಹೊರಗೆ ಹೋಗದೆ ಅಡುಗೆಮನೆಗೇ ತಿರುಗುತ್ತದೆ. ಎತ್ತರ ಮಾಡಿದರೆ ಎರಚಲು ಒಳಗೆ ನುಗ್ಗುತ್ತದೆ. ಲೆಕ್ಕದ ಪ್ರಕಾರ ಕೊಳವೆಯ ಅಗಲದ ಕಾಲು ಭಾಗ ಎತ್ತರ ಬಿಟ್ಟರೆ, ಸುತ್ತಲಿನ ಸಂದು ಕೊಳವೆಯ ಬಾಯಿಯಷ್ಟೇ ಆಗುತ್ತದೆ. ಎಂಟು ಇಂಚಿಗೆ ಎರಡು ಇಂಚು. ಆದರೆ ಅದು ಬರೀ ಕಾಗದದ ಲೆಕ್ಕ. ಹಕ್ಕಿ ತಡೆಯಲು ಸುತ್ತ ಹಾಕುವ ತಂತಿ ಜಾಳಿಗೆ ಜಾಗ ತಿನ್ನುತ್ತದೆ, ಮಸಿ ಕೂರುತ್ತದೆ, ಗಾಳಿ ಒಂದು ಕಡೆ ಒತ್ತುತ್ತದೆ. ಅದಕ್ಕೇ ಎರಡೂವರೆ ಪಟ್ಟು ಬಿಟ್ಟು ಐದು ಇಂಚು ಇಟ್ಟೆ. ಮಳೆ 45 ಡಿಗ್ರಿ ಓರೆಯಾಗಿ ಬಂದರೆ ಐದು ಇಂಚು ಎತ್ತರಕ್ಕೆ ಐದು ಇಂಚು ಒಳಗೆ ಬರುತ್ತದೆ, ಅಲ್ವಾ? ಹಾಗಾಗಿ ಮುಚ್ಚಳ ಕೊಳವೆಯಿಂದ ಎಲ್ಲ ಕಡೆ ಆರು ಇಂಚು ಚಾಚಬೇಕು. ಒಟ್ಟು 20 ಇಂಚಿನ ಚೌಕ. ಅಂಚನ್ನು ಒಂದು ಇಂಚು ಕೆಳಗೆ ಮಡಚಿಸಿದೆ. ಪೇಟೆಯ ತಯಾರಿ ಟೊಪ್ಪಿಗೆಗಳು ಎಲ್ಲಾ ಸಣ್ಣವು, ನಮ್ಮ ಮಳೆಗೆ ಸಾಲುವುದಿಲ್ಲ.

ಜಾಳಿಗೆ ಅರ್ಧ ಇಂಚಿನ ಕಣ್ಣಿನದು. ಗುಬ್ಬಿ, ಪಾರಿವಾಳ, ಅಳಿಲು ಯಾವುದೂ ಒಳಗೆ ಹೋಗುವುದಿಲ್ಲ. ಸೊಳ್ಳೆ ಜಾಳಿಗೆ ಹಾಕುವವರಿದ್ದಾರೆ. ಅದು ಇಲ್ಲಣ ಮೆತ್ತಿ ತಿಂಗಳೊಳಗೆ ಕಟ್ಟಿಕೊಳ್ಳುತ್ತದೆ.

ಮಂಗ್ಯಾಗಳ ಮಾತು ಬಿಟ್ಟರೆ ಧಾರವಾಡದಲ್ಲಿ ಮಾಡಿನ ಯಾವ ಕೆಲಸವೂ ಪೂರ್ತಿ ಆಗುವುದಿಲ್ಲ. ಚಳಿಗಾಲದ ಮುಂಜಾನೆ ಬೆಚ್ಚಗಿನ ಚಿಮಣಿ ಅವುಗಳ ಸಿಂಹಾಸನ. ಒಂದು ದೊಡ್ಡ ಗಡವ ಪಕ್ಕದ ಮನೆಯ ಮಾಡಿನಿಂದ ಹಾರಿ ಬಂದು ಕೂತರೆ ತೆಳು ತಗಡು ಆ ಕ್ಷಣವೇ ಬಗ್ಗುತ್ತದೆ. ಜಿ.ಐ., ಅಂದರೆ ಸತುವಿನ ಲೇಪದ ತಗಡು ಸೋವಿ, ಆದರೆ ಕಟ್ಟಿಗೆ ಹೊಗೆಯ ಹುಳಿ ನೀರು ಅದನ್ನು ಬೇಗ ತಿನ್ನುತ್ತದೆ. ವೆಲ್ಡಿಂಗ್ ಮಾಡಿದರಂತೂ ಆ ಜಾಗದ ಸತುವು ಸುಟ್ಟು ತುಕ್ಕು ಅಲ್ಲಿಂದಲೇ ಶುರು. ನಾನು ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಒಂದು ಫ್ಯಾಬ್ರಿಕೇಶನ್ ಅಂಗಡಿಯಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಮಾಡಿಸಿದೆ. ತುಟ್ಟಿ ಆಯಿತು. ಆದರೆ ವರ್ಷ ವರ್ಷ ಮಾಡು ಹತ್ತುವ ವಯಸ್ಸು ನನ್ನದಲ್ಲ. ನಾಲ್ಕು ಕಾಲಿನ ಬೋಲ್ಟುಗಳನ್ನು ಕಾಂಕ್ರೀಟ್ ಹಾಕುವಾಗಲೇ ಹುಗಿದಿದ್ದೆವು. ಆಮೇಲೆ ಡ್ರಿಲ್ ಹೊಡೆದರೆ ಹೊಸ ಅಂಚು ಸೀಳುವ ಭಯ.

ಹೊಗೆ ಕೆಳಗೆ ತಿರುಗುವುದಕ್ಕೆ ಯಾವಾಗಲೂ ಟೊಪ್ಪಿಗೆಯೇ ಕಾರಣ ಅಲ್ಲ. ಹಾನಗಲ್ಲಿನ ನಮ್ಮ ಮಾವನ ಮನೆಯ ಪಕ್ಕ ಎರಡಂತಸ್ತಿನ ಆರ್‌ಸಿಸಿ ಮನೆ ಎದ್ದಿತು. ಗಾಳಿ ಅದರ ನೆತ್ತಿ ದಾಟಿ ಇವರ ಚಿಮಣಿಯ ಮೇಲೆ ಇಳಿಯತೊಡಗಿತು. ಅಮೆರಿಕದ ಕಡೆ ಒಂದು ನಿಯಮ ಇದೆ: ಚಿಮಣಿ ಮಾಡಿನಿಂದ ಹೊರಬರುವ ಜಾಗಕ್ಕಿಂತ ಮೂರು ಅಡಿ ಮೇಲಿರಬೇಕು, ಹತ್ತು ಅಡಿಯೊಳಗಿನ ಯಾವುದಕ್ಕಿಂತಲೂ ಎರಡು ಅಡಿ ಎತ್ತರ ಇರಬೇಕು. ಮಾವ ಚಿಮಣಿಯನ್ನು ಎತ್ತರಿಸಿದ ಮೇಲೆಯೇ ಹೊಗೆ ದಾರಿಗೆ ಬಂತು.

ಇನ್ನೊಂದು ಸೋರಿಕೆ, ಹಂಚು ಮತ್ತು ಚಿಮಣಿ ಕೂಡುವ ಜಾಗ. ಅಲ್ಲಿ ಯಾವಾಗಲೋ ಸಿಮೆಂಟ್ ಮೆತ್ತಿದ್ದರು. ಕಟ್ಟಿಗೆಯ ಮಾಡು ಬಿಸಿಲಿಗೆ ಮಳೆಗೆ ಅಲುಗಾಡುತ್ತದೆ, ಇಟ್ಟಂಗಿ ಅಲುಗಾಡುವುದಿಲ್ಲ. ಮೆತ್ತಿದ್ದು ಬಿಡದೆ ಇನ್ನೇನಾದೀತು? ಅಲ್ಲಿ ತಗಡೇ ಸರಿ. ಚಿಮಣಿಯ ಮೈಗೆ ಆರು ಇಂಚು ಏರಿಸಿ, ಅದರ ಮೇಲಂಚನ್ನು ಇಟ್ಟಂಗಿಯ ಸಂದಿಯೊಳಗೆ ಒಂದು ಇಂಚು ತೂರಿಸಿ ಗಾರೆ ತುಂಬಿದೆವು. ಇಳಿಜಾರಿನ ಮೇಲ್ಗಡೆ ತಗಡು ಹಂಚಿನ ಕೆಳಗೆ ಹೋಗಬೇಕು, ಕೆಳಗಡೆ ಹಂಚಿನ ಮೇಲೆ ಬರಬೇಕು. ಮೇಲ್ಗಡೆ ಚಿಮಣಿಯ ಬೆನ್ನಿಗೆ ಎಲೆ, ಕಸ, ನೀರು ನಿಲ್ಲುತ್ತದೆ. ಅಲ್ಲಿ ತಗಡನ್ನು ನಡುವೆ ಎತ್ತರ ಮಾಡಿ ಎರಡೂ ಕಡೆ ಇಳಿಜಾರು ಕೊಟ್ಟೆವು. ಅಲ್ಯೂಮಿನಿಯಂ ತಗಡು ಹಗುರ ಅಂತ ಆಸೆ ಪಡಬೇಡಿ, ಹಸಿ ಸುಣ್ಣ, ಸಿಮೆಂಟು ಅದನ್ನು ತಿನ್ನುತ್ತವೆ.

ಪಶ್ಚಿಮದ ಮೈಯ ಸಂದುಗಳಿಗೆ ಬರೀ ಸಿಮೆಂಟ್ ತುಂಬಲು ಕಾಕಾ ಹೊರಟಿದ್ದರು. ನಾನು ತಡೆದೆ. ಹಳೇ ಇಟ್ಟಂಗಿ ಮೆತ್ತಗೆ, ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಸಂದು ಇಟ್ಟಂಗಿಗಿಂತ ಗಟ್ಟಿಯಾದರೆ ಒಳಗಿನ ತೇವ ಸಂದಿನಿಂದ ಹೊರಬೀಳದೆ ಇಟ್ಟಂಗಿಯ ಮುಖವನ್ನೇ ಉದುರಿಸುತ್ತದೆ. ಸಿಮೆಂಟ್ ಒಂದು, ಸುಣ್ಣ ಒಂದು, ಉಸುಕು ಆರು. ಮುಕ್ಕಾಲು ಇಂಚು ಆಳ ಕೆರೆದು, ತೋಯಿಸಿ, ಒತ್ತಿ ತುಂಬಿದರು. "ಮದ್ಲ ಹಿಂಗ ಮಾಡ್ತಿದ್ವಿರಿ, ಈಗ ಸುಣ್ಣ ಕಲಸಾಕ ಯಾರಿಗೆ ಪುರಸತ್ತೈತಿ" ಎಂದು ಗೊಣಗುತ್ತಲೇ ಅಂದವಾಗಿ ಮಾಡಿದರು.

ಹೊರದೇಶದ ವಿಡಿಯೋಗಳಲ್ಲಿ ಅರ್ಧ ಮಾತು ಹಿಮದ್ದು. ಇಟ್ಟಂಗಿಯೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಒಡೆಯುವುದು ಅವರ ಕಷ್ಟ. ನಮಗೆ ಅದಿಲ್ಲ. ನಮ್ಮದು ನಾಲ್ಕು ತಿಂಗಳ ತೇವ, ಆಮೇಲೆ ಏಪ್ರಿಲ್ ಬಿಸಿಲು. ಅದಕ್ಕೇ ಚಿಮಣಿಗೆ ಡಾಂಬರು, ಎಣ್ಣೆಬಣ್ಣ ಬಳಿಯಬಾರದು. ತೇವ ಒಳಗೇ ಸಿಕ್ಕಿಬೀಳುತ್ತದೆ. ನೀರು ಹೀರದಂತೆ ತಡೆದೂ ಇಟ್ಟಂಗಿಗೆ ಉಸಿರಾಡಲು ಬಿಡುವ ಸಿಲೇನ್-ಸಿಲಾಕ್ಸೇನ್ ದ್ರಾವಣ ಪಶ್ಚಿಮದ ಮೈಗೆ ಮಾತ್ರ ಹೊಡೆದೆ. ಬಚ್ಚಲಿಗೆ ಹಳೇ ಸಿಮೆಂಟ್ ಪೈಪಿನ ಚಿಮಣಿ ಇದ್ದವರಿಗೆ ಒಂದು ಮಾತು. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಗ್ರೈಂಡರ್ ಹಚ್ಚಿ ಕೊಯ್ಯಬೇಡಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಈಗ ವರ್ಷಕ್ಕೊಮ್ಮೆ, ಮಿರಗ (ಮೃಗಶಿರಾ) ಮಳೆಗೆ ಮುಂಚೆ, ಟೊಪ್ಪಿಗೆ ಬಿಚ್ಚಿ ಜಾಳಿಗೆ ಉಜ್ಜಿಸಿ, ಕೊಳವೆಗೆ ಬ್ರಷ್ ಇಳಿಸುತ್ತೇವೆ. ಸಿಲಿಕಾನ್ ಎಲ್ಲಾದರೂ ಬಿಟ್ಟಿದೆಯೇ ಅಂತ ಉಗುರಿನಿಂದ ಎಬ್ಬಿಸಿ ನೋಡಿದರೆ ಸಾಕು. ನಟ್ಟುಗಳನ್ನು ಮಾತ್ರ ಜೋಡಿ ಹಾಕಿ ಬಿಗಿಯಬೇಕು. ಒಂಟಿ ನಟ್ಟು ಇದ್ದಾಗ ಮಂಗ್ಯಾಗಳು ಮುಚ್ಚಳ ಅಲುಗಾಡಿಸಿ ಅಲುಗಾಡಿಸಿ ಎರಡನ್ನು ಸಡಿಲಿಸಿಬಿಟ್ಟಿದ್ದವು.