ಕ್ಯಾಂಪಿಂಗಿಗೆ ಚಾಕು ಕೊಳ್ಳುವುದು ಹೇಗೆ?

ಕ್ಯಾಂಪಿಂಗ್ ಚಾಕು ಬೇಕು ಅಂದರೆ ಅಂಗಡಿಯಲ್ಲಾಗಲಿ ಮೊಬೈಲ್‌ನಲ್ಲಾಗಲಿ ಮೊದಲು ಕಣ್ಣಿಗೆ ಬೀಳುವುದು ದೊಡ್ಡ ಚಾಕುವೇ. ಹತ್ತು ಇಂಚಿನ ಅಲಗು, ಬೆನ್ನ ಮೇಲೆ ಗರಗಸದ ಹಲ್ಲು, ಟೊಳ್ಳು ಹಿಡಿಕೆ, ಅದರೊಳಗೆ ಒಂದು ದಿಕ್ಸೂಚಿ, ನಾಲ್ಕು ಬೆಂಕಿಕಡ್ಡಿ, ಮೀನಿನ ಗಾಳ. ನೋಡಲು ಭಾರಿ ಜೋರು. ಅದನ್ನು ಅಲ್ಲೇ ಇಟ್ಟು ಮುಂದೆ ಹೋಗಿ. ಹಿಡಿಕೆ ಟೊಳ್ಳಾಗಿದೆ ಅಂದರೆ ಅಲಗಿನ ಉಕ್ಕು ಹಿಡಿಕೆಯೊಳಗೆ ಹೋಗಿಯೇ ಇಲ್ಲ ಅಂತ ಅರ್ಥ. ಬುಡದಲ್ಲಿ ಒಂದು ಸ್ಕ್ರೂ, ಇಲ್ಲ ಚೂರು ಅಂಟು, ಅದರ ಮೇಲೆ ನಿಂತಿರುತ್ತದೆ. ಜೋರಾಗಿ ಒತ್ತಿದ ದಿನ ಅಲಗು ಒಂದು ಕಡೆ, ಹಿಡಿಕೆ ಒಂದು ಕಡೆ.

ಮಡಚುವ ಚಾಕು ಸಾಲದಾ ಅಂತ ಕೇಳಬಹುದು. ಹಣ್ಣು ಹೆಚ್ಚಲು, ಹಗ್ಗ ಕತ್ತರಿಸಲು ಸಾಕು. ಆದರೆ ಕಟ್ಟಿಗೆ ಕೆತ್ತುವಾಗ ಜೋರು ಬೀಳುವುದು ಕೀಲಿನ ಮೇಲೆ. ಕೀಲು ಸಡಿಲವಾಗುತ್ತದೆ, ಲಾಕ್ ಜಾರಿದರೆ ಅಲಗು ಬೆರಳ ಮೇಲೇ ಮಡಚಿಕೊಳ್ಳುತ್ತದೆ. ನಮ್ಮ ಎರೆಮಣ್ಣು ಆ ಸಂದಿಗೆ ಹೊಕ್ಕರೆ ತೆಗೆಯುವುದು ಇನ್ನೊಂದು ತಲೆನೋವು. ಮಡಚದ ಚಾಕುವಿಗೆ ಈ ತಾಪತ್ರಯ ಇಲ್ಲ. ನೀರು ಹಾಕಿ ಒರೆಸಿದರೆ ಮುಗಿಯಿತು.

ಮೊದಲು ಕೆಲಸ ಯಾವುದು ನೋಡಿ

ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರ, ಹಳಿಯಾಳ, ದಾಂಡೇಲಿ ಕಡೆ ಹೋಗುತ್ತೀರೋ, ಪೂರ್ವಕ್ಕೆ ಗದಗ, ಮುಂಡರಗಿ ಕಡೆ ಹೋಗುತ್ತೀರೋ? ಚಾಕು ಆರಿಸುವಾಗ ಇದೇ ಮೊದಲ ಪ್ರಶ್ನೆ. ಯಾಕೆ ಅಂದರೆ ವಿಡಿಯೋಗಳಲ್ಲಿ ನಾವು ನೋಡುವುದು ಬಹುತೇಕ ಹೊರದೇಶದ ತಣ್ಣನೆಯ, ತೇವದ ಕಾಡು. ಅಲ್ಲಿ ಹೊರಗಿನ ಕಟ್ಟಿಗೆ ನೆನೆದಿರುತ್ತದೆ, ಒಳಗಿನ ಒಣ ತಿರುಳು ಸಿಗಬೇಕಾದರೆ ಕೊರಡು ಸೀಳಲೇಬೇಕು. ಅದಕ್ಕೆ ಚಾಕುವನ್ನು ಕೊರಡಿನ ತಲೆಯ ಮೇಲಿಟ್ಟು, ಬೆನ್ನಿಗೆ ಇನ್ನೊಂದು ಕಟ್ಟಿಗೆಯಿಂದ ಹೊಡೆದು ಸೀಳುತ್ತಾರೆ. ಬ್ಯಾಟನಿಂಗ್ ಅಂತ ಅದಕ್ಕೆ ಹೆಸರು. ಅದನ್ನು ನೋಡಿ ನೋಡಿ ನಮ್ಮ ಹುಡುಗರಿಗೂ ಕಾಲು ಇಂಚು ದಪ್ಪದ ಚಾಕುವೇ ಬೇಕು ಅನಿಸಿಬಿಟ್ಟಿದೆ.

ಗದಗ ಸೀಮೆಯಲ್ಲಿ ವರ್ಷದ ಬಹುಪಾಲು ಕಾಲ ಕೈಗೆ ಸಿಕ್ಕ ಪುಳ್ಳೆಯೂ ಒಣಗಿಯೇ ಇರುತ್ತದೆ. ಮುರಿದು ಹಚ್ಚಿದರೆ ಹೊತ್ತಿಕೊಳ್ಳುತ್ತದೆ. ಸೀಳುವುದು ಏನಕ್ಕೆ? ದಾಂಡೇಲಿ ಕಡೆ ಮಳೆಗಾಲದಲ್ಲಿ ಮಾತು ಬೇರೆ, ಅಲ್ಲಿ ಸೀಳದೆ ಗತಿಯಿಲ್ಲ. ಆದರೂ ನಮ್ಮ ಹೊಲಮನೆಗಳಲ್ಲಿ ಕೊಡಲಿ ಇದ್ದೇ ಇರುತ್ತದೆ, ಕುಡಗೋಲೂ ಇರುತ್ತದೆ. ದಪ್ಪ ಕೆಲಸಕ್ಕೆ ಅವನ್ನೇ ಒಯ್ಯಿರಿ. ಆಗ ಚಾಕುವಿಗೆ ಉಳಿಯುವುದು ಸಣ್ಣ ಕೆಲಸ: ಟೆಂಟಿನ ಗೂಟ ಚೂಪು ಮಾಡುವುದು, ಹಗ್ಗ ಕತ್ತರಿಸುವುದು, ಬಿದಿರು ಸವರುವುದು, ಬೆಂಕಿಗೆ ತೆಳು ಸಿಪ್ಪೆ ಎಬ್ಬಿಸುವುದು, ಅಡುಗೆ. ಈ ಪಟ್ಟಿ ಕಣ್ಣ ಮುಂದೆ ಇದ್ದರೆ ಅಂಗಡಿಯ ಅರ್ಧ ಚಾಕು ತಾನಾಗಿ ಪಕ್ಕಕ್ಕೆ ಸರಿಯುತ್ತವೆ.

ಉದ್ದ, ದಪ್ಪ

ಅಲಗು 4 ಇಂಚು ಆಸುಪಾಸು, ದಪ್ಪ ಎರಡೂವರೆಯಿಂದ ಮೂರೂವರೆ ಮಿಲಿಮೀಟರ್. ಹೆಚ್ಚಿನವರಿಗೆ ಇಷ್ಟು ಸಾಕು. 5 ಇಂಚು ದಾಟಿತು ಅಂದರೆ ಮೊನೆ ಕೈಯಿಂದ ದೂರ ಹೋಗುತ್ತದೆ, ಸಣ್ಣ ಕೆತ್ತನೆಗೆ ಹಿಡಿತ ಸಿಗುವುದಿಲ್ಲ.

ದಪ್ಪದ ಬಗ್ಗೆ ಅನುಮಾನ ಇದ್ದರೆ ಎಣಗಾಯಿಗೆ ಬದನೆಕಾಯಿ ಸೀಳಿ ನೋಡಿ. ತೊಟ್ಟು ಬಿಡದಂತೆ ನಾಲ್ಕು ಸೀಳು ಹಾಕಬೇಕು ಅಲ್ವಾ? ತೆಳು ಅಲಗು ನೀವು ನಿಲ್ಲಿಸಿದಲ್ಲಿ ನಿಲ್ಲುತ್ತದೆ. 5 ಮಿಲಿಮೀಟರ್ ದಪ್ಪದ್ದು ಕೊಯ್ಯುವುದಿಲ್ಲ, ಬೆಣೆಯಾಗಿ ಒಳಹೊಕ್ಕು ಕಾಯಿಯನ್ನೇ ಒಡೆದು ಹೋಳು ಮಾಡುತ್ತದೆ. ಉಳ್ಳಾಗಡ್ಡಿಯದೂ ಅದೇ ಗತಿ.

ಉದ್ದದ ಮಾತು ಬಂದಾಗಲೇ ಕಾನೂನೂ ಹೇಳಿಬಿಡುತ್ತೇನೆ. ಆರ್ಮ್ಸ್ ನಿಯಮಗಳ ಪಟ್ಟಿಯಲ್ಲಿ ಆಯುಧ ಅಂತ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗು. ಮನೆಗೆಲಸಕ್ಕೆ, ಒಕ್ಕಲುತನಕ್ಕೆ ಅಂತ ಮಾಡಿದವು ಅದರಿಂದ ಹೊರಗೆ. 4 ಇಂಚಿನ ಚಾಕು ಈ ಅಳತೆಯ ಹತ್ತಿರವೂ ಬರುವುದಿಲ್ಲ. ಹಾಗಂತ ಸೊಂಟಕ್ಕೆ ಸಿಗಿಸಿಕೊಂಡು ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಓಡಾಡಿದರೆ ಪೊಲೀಸರು ನಿಲ್ಲಿಸಿ ಕೇಳುತ್ತಾರೆ, ಕೇಳಲೂಬೇಕು. ಒರೆಯಲ್ಲಿ ಹಾಕಿ, ಬಟ್ಟೆ ಸುತ್ತಿ, ಬ್ಯಾಗಿನ ತಳದಲ್ಲಿಡಿ.

ಕಾಡಿನ ಕಾನೂನು ಇನ್ನೂ ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಅನ್ನುವುದರೊಳಗೆ ಚಾಕುವೂ ಸೇರಿದೆ. ಅಲ್ಲಿ ಇಂಚಿನ ಲೆಕ್ಕವಿಲ್ಲ. ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಹೋಗುವಂತಿಲ್ಲ. ಗದಗಿನ ಕಪ್ಪತಗುಡ್ಡ 2019ರಿಂದ ಅಭಯಾರಣ್ಯ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮವೂ ಅಷ್ಟೇ, ದಾಂಡೇಲಿ ಕಡೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶವಂತೂ ಕೇಳುವುದೇ ಬೇಡ. ಗುಡ್ಡ ಹತ್ತಲು ಹೋಗಿ ಅಲ್ಲಿ ಕಟ್ಟಿಗೆ ಕಡಿದು ಬೆಂಕಿ ಹಚ್ಚುವ ಯೋಚನೆ ಇದ್ದರೆ ಈಗಲೇ ಬಿಡಿ. ಬುಷ್‌ಕ್ರಾಫ್ಟ್, ಅಂದರೆ ಕಾಡಿನಲ್ಲಿ ಸಿಕ್ಕಿದ್ದರಲ್ಲೇ ಕೆಲಸ ಸಾಗಿಸುವ ಕಲೆ, ಕಲಿಯಲು ನಿಮ್ಮದೇ ಹೊಲ, ಗೆಳೆಯರ ತೋಟ, ಅನುಮತಿ ಇರುವ ಕ್ಯಾಂಪು ಇವೆ. ಅಲ್ಲೂ ಬಿದ್ದ ಕಟ್ಟಿಗೆ ಸಾಕು, ಹಸಿ ಗಿಡಕ್ಕೆ ಕೈ ಹಾಕಬೇಡಿ.

ಹಿಡಿಕೆಯೊಳಗೆ ಏನಿದೆ

ಅಲಗಿನ ಉಕ್ಕು ಹಿಡಿಕೆಯ ಕೊನೆಯವರೆಗೆ, ಹಿಡಿಕೆಯಷ್ಟೇ ಅಗಲಕ್ಕೆ ಹೋಗಿದ್ದರೆ ಅದು ಫುಲ್ ಟ್ಯಾಂಗ್. ಹಿಡಿಕೆಯ ಅಂಚಿನಲ್ಲಿ ಸುತ್ತಲೂ ಉಕ್ಕಿನ ಗೆರೆ ಕಾಣುತ್ತದೆ, ಹಾಗಾಗಿ ಗುರುತಿಸುವುದು ಸುಲಭ. ಜಾಸ್ತಿ ಗಟ್ಟಿ. ಹೊಸಬರು ಇದನ್ನೇ ತೊಗೊಂಡರೆ ಚಿಂತೆ ಇಲ್ಲ.

ಆದರೆ ಫುಲ್ ಟ್ಯಾಂಗ್ ಇಲ್ಲದ್ದೆಲ್ಲ ಕೆಲಸಕ್ಕೆ ಬಾರದ್ದು ಅಂತ ಹೇಳುವವರ ಮಾತು ಪೂರ್ತಿ ನಂಬಬೇಡಿ. ಸ್ವೀಡನ್ನಿನ ಮೋರಾ ಊರಿನ ಚಾಕುಗಳು ಜಗತ್ತಿನ ತುಂಬ ಬುಷ್‌ಕ್ರಾಫ್ಟ್ ಮಾಡುವವರ ಕೈಯಲ್ಲಿವೆ. ಅದರ ಕಂಪ್ಯಾನಿಯನ್ ಅನ್ನುವ ಮಾದರಿಯಲ್ಲಿ ಉಕ್ಕು ಹಿಡಿಕೆಯ ಒಂದಷ್ಟು ಉದ್ದಕ್ಕೆ ಮಾತ್ರ ಹೋಗಿದೆ, ಅಲಗು ಸುಮಾರು 104 ಮಿಲಿಮೀಟರ್. ಕೆತ್ತನೆಗೆ, ಅಡುಗೆಗೆ, ಸಣ್ಣ ಕಟ್ಟಿಗೆಗೆ ಅದು ಧಾರಾಳ ಸಾಕು. ಕೊರಡು ಸೀಳುವ ಹಠ ಇದ್ದವರು ಅದೇ ಕಂಪನಿಯ ಗಾರ್‌ಬರ್ಗ್ ನೋಡಬಹುದು, ಅದರಲ್ಲಿ ಉಕ್ಕು ಹಿಡಿಕೆಯ ತುದಿಯವರೆಗೂ ಹೋಗಿದೆ.

ಯಾವ ಉಕ್ಕು

ಇಲ್ಲಿ ಹೆಸರು, ನಂಬರ್ ಓದಿ ತಲೆ ಕೆಡಿಸಿಕೊಳ್ಳುವವರೇ ಜಾಸ್ತಿ. ಎರಡು ಜಾತಿ ಅಂತ ಇಟ್ಟುಕೊಳ್ಳಿ. ಒಂದು ಕಾರ್ಬನ್ ಉಕ್ಕು, 1095, 5160 ಇಂಥವು. ಬೇಗ ಹರಿತ ಬರುತ್ತದೆ, ಸಾಣೆಕಲ್ಲಿಗೆ ಒಗ್ಗುತ್ತದೆ, ತುಕ್ಕು ಹಿಡಿಯುತ್ತದೆ. ಇನ್ನೊಂದು ಸ್ಟೇನ್‌ಲೆಸ್, 12ಸಿ27, 440ಸಿ ಇಂಥವು. ಕ್ರೋಮಿಯಂ ಜಾಸ್ತಿ ಇರುವುದರಿಂದ ತುಕ್ಕಿಗೆ ಬೇಗ ಬಗ್ಗುವುದಿಲ್ಲ. ಗಡಸುತನ ರಾಕ್‌ವೆಲ್ ಅಳತೆಯಲ್ಲಿ 56ರಿಂದ 60ರ ನಡುವೆ ಇದ್ದರೆ ಒಳ್ಳೆಯದು. ಅದಕ್ಕಿಂತ ಮೆತ್ತಗಿದ್ದರೆ ಬೇಗ ಮೊಂಡಾಗುತ್ತದೆ, ತೀರ ಗಡಸಾದರೆ ಬಾಯಿ, ಅಂದರೆ ಕೊಯ್ಯುವ ಅಂಚು, ಚಕ್ಕೆ ಏಳುತ್ತದೆ. ಡಬ್ಬಿಯ ಮೇಲೆ ಬರೀ 'ಸ್ಟೇನ್‌ಲೆಸ್ ಸ್ಟೀಲ್' ಅಂತಿದ್ದು ಯಾವ ಉಕ್ಕು ಅಂತ ಬರೆದೇ ಇಲ್ಲದಿದ್ದರೆ ನಾನಂತೂ ಕೊಳ್ಳುವುದಿಲ್ಲ.

ಮಳೆಗಾಲದಲ್ಲಿ ಘಟ್ಟದ ಕಡೆ ತಿರುಗುವವರು, ಚಾಕು ಒರೆಸುವ ರೂಢಿ ಇಲ್ಲದವರು ಸ್ಟೇನ್‌ಲೆಸ್ ತೊಗೊಳ್ಳಿ. ನವಲಗುಂದ, ರೋಣದ ಒಣ ಹವೆಯಲ್ಲಿ ಕಾರ್ಬನ್ ಉಕ್ಕು ಕಷ್ಟ ಕೊಡುವುದಿಲ್ಲ. ಹುಣಸೆ, ಲಿಂಬೆ, ಉಳ್ಳಾಗಡ್ಡಿ ತಾಗಿದರೆ ಕಾರ್ಬನ್ ಅಲಗು ಕಪ್ಪು-ನೀಲಿ ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಆಗಬೇಡಿ, ಅದನ್ನು ತಿಕ್ಕಿ ತೆಗೆಯಲೂ ಹೋಗಬೇಡಿ. ಆ ಕಪ್ಪು ಪದರವೇ ಕೆಂಪು ತುಕ್ಕನ್ನು ಒಂದಷ್ಟು ತಡೆಯುತ್ತದೆ. ಕೆಂಪಗಾದರೆ ಮಾತ್ರ ಕೂಡಲೇ ಒರೆಸಿ ಎಣ್ಣೆ ಹಚ್ಚಿ.

ಎಣ್ಣೆಯಲ್ಲೂ ಒಂದು ಸೂಕ್ಷ್ಮ ಇದೆ. ನಮ್ಮಲ್ಲಿ ಮನೆಯಲ್ಲಿ ಕುಸುಬಿ ಎಣ್ಣೆ, ಅಗಸೆ ಎಣ್ಣೆ ಇರುತ್ತದೆ ಅಂತ ಅದನ್ನೇ ಅಲಗಿಗೆ ಹಚ್ಚುತ್ತಾರೆ. ಇವೆರಡೂ ಗಾಳಿಗೆ ಒಣಗಿ ಜಿಗುಟು ಪದರವಾಗುವ ಎಣ್ಣೆಗಳು. ಅಲಗಿಗೆ ಕೊಬ್ಬರಿ ಎಣ್ಣೆ ತೆಳುವಾಗಿ ಸವರಿ, ಸಾಕು. ಅಗಸೆ ಎಣ್ಣೆಯನ್ನು ಮರದ ಹಿಡಿಕೆಗೆ ತಿಕ್ಕಿ, ಅಲ್ಲಿ ಆ ಒಣಗುವ ಗುಣವೇ ಒಳ್ಳೆಯದು, ಮರ ನೀರು ಕುಡಿಯುವುದು ಕಡಿಮೆಯಾಗುತ್ತದೆ. ತಿಕ್ಕಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಕುಡಿದ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಬಾಯಿ ಹೇಗೆ ಇಳಿದಿದೆ

ಹಿಡಿಕೆ ಹಿಡಿದು, ಅಲಗನ್ನು ಮೊನೆಯ ಕಡೆಯಿಂದ ನೋಡಿ. ಬೆನ್ನಿನಿಂದ ಬಾಯಿಯವರೆಗೆ ಉಕ್ಕು ಹೇಗೆ ತೆಳುವಾಗುತ್ತಾ ಬಂದಿದೆ? ಬೆನ್ನಿನಿಂದಲೇ ಸಪಾಟಾಗಿ ಇಳಿದಿದ್ದರೆ ಫ್ಲಾಟ್ ಗ್ರೈಂಡ್. ಅಡುಗೆಗೂ ಸೈ, ಕಟ್ಟಿಗೆಗೂ ಸೈ. ಅಲಗಿನ ಬಹುಪಾಲು ಒಂದೇ ದಪ್ಪ ಇದ್ದು, ಬಾಯಿಯ ಹತ್ತಿರ ಮಾತ್ರ ಒಂದು ಅಗಲವಾದ ಇಳಿಜಾರು ಇದ್ದರೆ ಅದು ಸ್ಕ್ಯಾಂಡಿ. ಮರ ಕೆತ್ತಲು ಇದಕ್ಕೆ ಸಾಟಿ ಇಲ್ಲ. ಮಸೆಯುವುದೂ ಸುಲಭ: ಆ ಇಳಿಜಾರನ್ನು ಕಲ್ಲಿನ ಮೇಲೆ ಪೂರ್ತಿ ಕೂಡಿಸಿ ಉಜ್ಜಿದರೆ ಕೋನ ತಾನಾಗಿ ಬರುತ್ತದೆ, ಕೈ ಅಂದಾಜು ಬೇಕಿಲ್ಲ.

ಆದರೆ ಸ್ಕ್ಯಾಂಡಿ ಹೊಗಳುವವರು ಯಾರೂ ಬಳ್ಳಾರಿ ಜಾಲಿ ಕಡಿದಿಲ್ಲ. ಒಣಗಿದ ಜಾಲಿಯ ಗಂಟಿಗೆ ತೆಳು ಬಾಯಿ ಬಿದ್ದರೆ ಮಡಚುತ್ತದೆ, ಇಲ್ಲ ಚಕ್ಕೆ ಏಳುತ್ತದೆ. ಬಿದಿರಿನ ಮೈಯಲ್ಲಿ ಸಿಲಿಕಾ ಇರುತ್ತದೆ, ಅದು ಎಂಥ ಬಾಯಿಯನ್ನೂ ಬೇಗ ಮೊಂಡು ಮಾಡುತ್ತದೆ. ಹಾಗಾಗಿ ನಮ್ಮ ಕಡೆಯವರು ಒಂದು ಸಣ್ಣ ಕೆಲಸ ಮಾಡಿಕೊಳ್ಳಬೇಕು. ಮಸೆಯುವಾಗ ಕೊನೆಗೆ ಬೆನ್ನನ್ನು ಚೂರು ಎತ್ತಿ, ಎರಡೂ ಕಡೆ ನಾಲ್ಕೈದು ಸಲ ಹಗುರವಾಗಿ ಎಳೆಯಿರಿ. ಬಾಯಿಯ ತುದಿಯಲ್ಲಿ ಕೂದಲೆಳೆಯಷ್ಟು ಇನ್ನೊಂದು ಇಳಿಜಾರು ಬರುತ್ತದೆ. ಹರಿತ ಒಂಚೂರು ಕಡಿಮೆ, ತಾಳಿಕೆ ಎಷ್ಟೋ ಜಾಸ್ತಿ.

ಬೆನ್ನನ್ನೂ ಮುಟ್ಟಿ ನೋಡಿ. ಬೆನ್ನಿನ ಅಂಚು ಮೂಲೆಮಟ್ಟಕ್ಕೆ, 90 ಡಿಗ್ರಿಗೆ ಚೂಪಾಗಿ ಇದ್ದರೆ ಫೆರೋ ರಾಡ್ (ಕೆರೆದರೆ ಕಿಡಿ ಕಾರುವ ಲೋಹದ ಕಡ್ಡಿ) ಕೆರೆದು ಕಿಡಿ ಹಾರಿಸಬಹುದು, ತೊಗಟೆ ಹೆರೆಯಬಹುದು, ಬಾಯಿ ಸವೆಯುವುದು ತಪ್ಪುತ್ತದೆ. ದುಂಡಗಿದ್ದರೆ ಕಿಡಿ ಬರುವುದಿಲ್ಲ. ಅರದಿಂದ ಉಜ್ಜಿ ಸರಿಮಾಡಿಕೊಳ್ಳಬಹುದು. ಗರಗಸದ ಹಲ್ಲು ಬೇಡವೇ ಬೇಡ, ಅದರಿಂದ ಕೊಯ್ಯಲೂ ಆಗುವುದಿಲ್ಲ, ಬೆನ್ನ ಮೇಲೆ ಹೆಬ್ಬೆರಳು ಇಡಲೂ ಆಗುವುದಿಲ್ಲ.

ಹಿಡಿಕೆ ಮತ್ತು ಒರೆ

ಹಿಡಿಕೆ ಫೋಟೋ ನೋಡಿ ಗೊತ್ತಾಗುವುದಿಲ್ಲ. ಮುಷ್ಟಿಯಲ್ಲಿ ಹಿಡಿಯಿರಿ. ನಾಲ್ಕೂ ಬೆರಳು ಇಕ್ಕಟ್ಟಿಲ್ಲದೆ ಕೂಡಬೇಕು. ಈಗ ಚಾಕುವನ್ನು ತಿರುಗಿಸಿ, ಬಾಯಿ ನಿಮ್ಮ ಕಡೆ ಬರುವಂತೆ ಹಿಡಿಯಿರಿ. ಆಮೇಲೆ ಹೆಬ್ಬೆರಳು ಬೆನ್ನ ಮೇಲಿಟ್ಟು ಹಿಡಿಯಿರಿ. ಬೆರಳಿನ ಅಚ್ಚು ಕೊರೆದ ಹಿಡಿಕೆಗಳು ಇಲ್ಲೇ ಸೋಲುತ್ತವೆ: ಒಂದು ಹಿಡಿತಕ್ಕೆ ಮೆತ್ತೆ ಇಟ್ಟಂತೆ ಕೂಡುತ್ತವೆ, ಉಳಿದ ಎಲ್ಲದಕ್ಕೂ ಚುಚ್ಚುತ್ತವೆ. ಸಾದಾ, ಅಂಡಾಕಾರದ, ನಡುವೆ ಸ್ವಲ್ಪ ಉಬ್ಬಿದ ಹಿಡಿಕೆಯೇ ಮೇಲು. ಏಪ್ರಿಲ್ ಬಿಸಿಲಲ್ಲಿ ಕೈ ಬೆವರಿದಾಗ ಪಾಲಿಶ್ ಹೊಡೆದ ಹಿಡಿಕೆ ಜಾರುತ್ತದೆ, ಒರಟು ಇರಲಿ.

ಒರೆಯಲ್ಲಿ ಚಾಕು ಹಾಕಿ, ತಲೆಕೆಳಗು ಮಾಡಿ ಅಲ್ಲಾಡಿಸಿ, ಕೆಳಗೆ ಹಾಸಿಗೆಯೋ ಮಣ್ಣೋ ಇರಲಿ, ಕಾಲು ಬೇಡ. ಬಿದ್ದರೆ ಆ ಒರೆ ಬೇಡ. ಚರ್ಮದ ಒರೆ ಚೆಂದ, ಆದರೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ಕಾರ್ಬನ್ ಅಲಗನ್ನು ತಿಂಗಳುಗಟ್ಟಲೆ ಅದರಲ್ಲೇ ಬಿಟ್ಟರೆ ತುಕ್ಕು ಗ್ಯಾರಂಟಿ. ಪ್ಲಾಸ್ಟಿಕ್ ಒರೆಗೆ ತಳದಲ್ಲಿ ನೀರು ಇಳಿಯಲು ತೂತು ಇದೆಯಾ ನೋಡಿ.

ಕಂಬಾರರ ಹತ್ತಿರ ಮಾಡಿಸುವುದಾದರೆ

ಊರಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ ನೀವು ಪುಣ್ಯವಂತರು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಒಳ್ಳೆಯ ಚಾಕು ಆಗುತ್ತದೆ, ಕುಡಗೋಲು, ಕೊಡಲಿಗೂ ಅದನ್ನು ಬಳಸುತ್ತಾರೆ. ತುಂಬಾ ತಿರುಗಿ ಸವೆದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ಹೊಸ ತುಂಡು ಸಿಕ್ಕರೆ ವಾಸಿ. ಖಂಡೇಪೂಜೆಯ ಮುಂಚೆ, ಮುಂಗಾರಿನ ಮುಂಚೆ ಹೋಗಬೇಡಿ. ಆಗ ಅವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ.

ಹೋಗುವಾಗ ರಟ್ಟಿನಲ್ಲಿ ಚಾಕುವಿನ ಆಕಾರ ಕತ್ತರಿಸಿಕೊಂಡು ಹೋಗಿ, ಹಿಡಿಕೆಯ ಉಕ್ಕೂ ಸೇರಿ. 'ಅಣ್ಣಾರ, ಕುಡಗೋಲಿನಷ್ಟು ದಪ್ಪ ಬ್ಯಾಡ್ರಿ, ಮೂರು ಮಿಲಿಮೀಟರ್ ಸಾಕು' ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ನಿಮ್ಮ ಒಳ್ಳೆಯದಕ್ಕೇ ಅಂತ ದಪ್ಪ ಮಾಡಿ ಕೊಡುತ್ತಾರೆ. ಹದ ಹಾಕುವಾಗ ನೀರಿನ ಬದಲು ಎಣ್ಣೆಯಲ್ಲಿ ಅದ್ದಲು ಕೇಳಿ. ಸ್ಪ್ರಿಂಗ್ ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಒಮ್ಮೊಮ್ಮೆ ಸೀಳುತ್ತದೆ. ಅದ್ದಿದ ಮೇಲೆ ಗಾಜಿನಷ್ಟು ಪೆಡಸಾಗಿರುತ್ತದೆ, ಮತ್ತೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ನಿಧಾನ ಕಾಯಿಸಿ ಪೆಡಸು ಇಳಿಸಬೇಕು. ಉಜ್ಜಿ ಹೊಳಪು ಮಾಡಿದ ಜಾಗ ಒಣಹುಲ್ಲಿನ ಬಣ್ಣಕ್ಕೆ ಬಂದರೆ ಹದ ಸರಿಯಾಯಿತು. ನೀಲಿಗೆ ತಿರುಗಿದರೆ ಮೆತ್ತಗಾಯಿತು.

ಚಾಕು ಕೈಗೆ ಬಂದಾಗ ಒಂದು ಅರ ಇಸಿದುಕೊಂಡು ಬಾಯಿಯ ಹತ್ತಿರ ಹಗುರವಾಗಿ ಎಳೆದು ನೋಡಿ. ಅರ ಜಾರಿದರೆ, ಇಲ್ಲ ಕಷ್ಟಪಟ್ಟು ಚೂರು ಗೀರಿದರೆ, ದುಡ್ಡು ಕೊಟ್ಟು ಬನ್ನಿ. ಸಲೀಸಾಗಿ ಕಚ್ಚಿದರೆ ಇನ್ನೊಮ್ಮೆ ಹದ ಹಾಕಿಕೊಡಲು ಹೇಳಿ, ಬೇಸರ ಮಾಡಿಕೊಳ್ಳುವುದಿಲ್ಲ.